ಕಾರಿನ ಸಸ್ಪೆನ್ಷನ್ ಬುಷ್: ರಬ್ಬರೇ, ಪಾಲಿಯೇ, ಇಡೀ ಆರ್ಮೇ?

ಹದಿನಾಲ್ಕು ತಿಂಗಳಲ್ಲಿ ಒಂದೇ ಕಾರಿಗೆ, ಒಂದೇ ಜಾಗಕ್ಕೆ, ಮೂರು ಸಲ ಬುಷ್ ಹಾಕಿಸಿದ್ದೇನೆ. ಮುಂದಿನ ಎಡ ಚಕ್ರವನ್ನು ಕಾರಿನ ಅಡಿಕಟ್ಟಿಗೆ ಜೋಡಿಸುವ ತೋಳಾದ ಲೋಯರ್ ಆರ್ಮ್‌ನ ಬುಷ್ ಅದು. ಆ ತೋಳು ಆಡುವ ಕೀಲಿನಲ್ಲಿ ಲೋಹಕ್ಕೆ ಲೋಹ ತಾಗದಂತೆ ಕೂರುವ ಮೆತ್ತೆಯೇ ಬುಷ್. ಮೊದಲ ಸಲ ಅಗ್ಗದ ಲೋಕಲ್ ರಬ್ಬರ್. ಐದು ತಿಂಗಳಿಗೆ ಹರಿಯಿತು. ಮಾಲು ಕಳಪೆಯಿರಬೇಕು ಎಂದುಕೊಂಡು ಎರಡನೆಯ ಸಲ ಕಾರಿನ ಕಂಪನಿಯದೇ ಬಿಡಿಭಾಗ ತಂದುಕೊಟ್ಟೆ. ಅದು ಎಂಟು ತಿಂಗಳು ತಡೆಯಿತು. ರಬ್ಬರಿನ ಸಹವಾಸವೇ ಬೇಡ, ಪಾಲಿಯುರೆಥೇನ್ ಎಂಬ ಗಡಸು ಪ್ಲಾಸ್ಟಿಕ್ಕಿನದನ್ನು, ಅಂದರೆ ಪಾಲಿಯನ್ನು, ಹಾಕಿಸಿಬಿಡೋಣ ಎಂಬ ಹಟಕ್ಕೆ ಬಿದ್ದಿದ್ದಾಗ, ಬಿಚ್ಚಿದ ಹಳೆಯ ಬುಷ್‌ಗಳೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ದಿಕ್ಕಿಗೆ ತಿರುಚಿಕೊಂಡು, ಒಂದೇ ಕಡೆ ಸೀಳಿದ್ದವು. ಬೇರೆ ಬೇರೆ ಕಾರ್ಖಾನೆಯಲ್ಲಿ ತಯಾರಾದ, ಬೆಲೆಯಲ್ಲಿ ಅಜಗಜಾಂತರವಿರುವ ಎರಡು ವಸ್ತುಗಳು ಒಂದೇ ರೀತಿ ಹರಿದರೆ ದೋಷ ವಸ್ತುವಿನಲ್ಲಿ ಇರಲಾರದು. ಮೂರನೆಯ ಸಲ ಗ್ಯಾರೇಜಿನಲ್ಲೇ ನಿಂತು ನೋಡಿದೆ. ಲಿಫ್ಟಿನ ಮೇಲೆ ಕಾರು, ಗಾಳಿಯಲ್ಲಿ ನೇತಾಡುವ ಚಕ್ರ, ಆ ಸ್ಥಿತಿಯಲ್ಲೇ ಏರ್ ಗನ್ನಿನಿಂದ ಬೋಲ್ಟ್ ಬಿಗಿತ. ಎರಡು ಒಳ್ಳೆಯ ಆಯುಷ್ಯಗಳನ್ನು ಮುಗಿಸಿದ್ದು ಅದೇ.

ಹಾಗಾಗಿ ಯಾವ ಬುಷ್ ಒಳ್ಳೆಯದು ಎಂಬ ಪ್ರಶ್ನೆಯನ್ನು ನಾನು ಈಗ ಬೇರೆ ರೀತಿ ಕೇಳಿಕೊಳ್ಳುತ್ತೇನೆ: ಈ ಜಾಗದಲ್ಲಿ ಕೂರುವ ಬುಷ್ ಯಾವ ಯಾವ ದಿಕ್ಕಿಗೆ ಅಲುಗಾಡಬೇಕು? ಅದು ತಿಳಿದರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ರಬ್ಬರ್ ತಿರುಚುತ್ತದೆ, ಪಾಲಿ ತಿರುಗುತ್ತದೆ

ಸಾಮಾನ್ಯ ರಬ್ಬರ್ ಬುಷ್‌ನಲ್ಲಿ ಮೂರು ಭಾಗಗಳಿವೆ. ನಡುವೆ ಬೋಲ್ಟ್ ತೂರುವ ಉಕ್ಕಿನ ಕೊಳವೆ, ಹೊರಗೆ ಆರ್ಮ್‌ನ ದುಂಡು ತೂತಿಗೆ, ಅಂದರೆ ಕಣ್ಣಿಗೆ, ಒತ್ತಿ ಕೂರಿಸುವ ಉಕ್ಕಿನ ಬಳೆ, ಇವೆರಡರ ಮಧ್ಯೆ ರಬ್ಬರ್. ಆ ರಬ್ಬರು ಎರಡೂ ಲೋಹಗಳಿಗೆ ಕಾರ್ಖಾನೆಯಲ್ಲೇ ಬೆಸೆದುಕೊಂಡಿರುತ್ತದೆ. ಬೋಲ್ಟ್ ಬಿಗಿಯಾದ ಮೇಲೆ ಒಳಗಿನ ಕೊಳವೆ ಕಾರಿನ ಅಡಿಕಟ್ಟಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಹೊರಬಳೆ ಆರ್ಮ್‌ನ ಜೊತೆ ಚಲಿಸುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗ ಇಲ್ಲಿ ಯಾವುದೂ ಉಜ್ಜುವುದಿಲ್ಲ, ಜಾರುವುದಿಲ್ಲ. ನಡುವಿನ ರಬ್ಬರ್ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಮತ್ತೆ ಸಡಿಲವಾಗುತ್ತದೆ, ಅಷ್ಟೇ. ಸದ್ದಿಲ್ಲ, ಗ್ರೀಸ್ ಬೇಡ. ಜೊತೆಗೆ ಅದು ಎಲ್ಲ ದಿಕ್ಕಿಗೂ ಸ್ವಲ್ಪ ಸ್ವಲ್ಪ ಬಾಗುತ್ತದೆ. ಗುಂಡಿಗೆ ಚಕ್ರ ಬಡಿದಾಗ ಚಕ್ರವು ಕೂದಲೆಳೆಯಷ್ಟು ಹಿಂದಕ್ಕೆ ಸರಿಯಲು ಬಿಟ್ಟು, ಆ ಹೊಡೆತ ಸ್ಟೀರಿಂಗಿಗೂ ಸೀಟಿಗೂ ಬರದಂತೆ ನುಂಗಿಕೊಳ್ಳುವುದು ಈ ಗುಣವೇ.

ಪಾಲಿಯುರೆಥೇನ್ ಬುಷ್‌ನ ಕಟ್ಟಡವೇ ಬೇರೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪಾಲಿ ಬುಷ್‌ಗಳು ಎರಡು ಹೋಳುಗಳಾಗಿ ಬರುತ್ತವೆ, ಜೊತೆಗೆ ಬಿಡಿಯಾದ ಒಂದು ಉಕ್ಕಿನ ಕೊಳವೆ. ಹೋಳುಗಳನ್ನು ಆರ್ಮ್‌ನ ಕಣ್ಣಿನ ಎರಡೂ ಬದಿಯಿಂದ ತುರುಕಿ, ನಡುವೆ ಕೊಳವೆ ತೂರಿಸುತ್ತಾರೆ. ಇಲ್ಲಿ ಯಾವುದೂ ಯಾವುದಕ್ಕೂ ಬೆಸೆದುಕೊಂಡಿಲ್ಲ. ಪಾಲಿ ಆ ಕೊಳವೆಯ ಸುತ್ತ ಬಾಗಿಲಿನ ತಿರುಗಣಿಯಂತೆ ತಿರುಗಬೇಕು. ಹಾಗೆ ತಿರುಗಲು ಗ್ರೀಸ್ ಬೇಕು. ತಿರುಗುವುದೊಂದನ್ನು ಬಿಟ್ಟರೆ ಬೇರೆ ಯಾವ ದಿಕ್ಕಿಗೂ ಅದು ಸುಲಭವಾಗಿ ಬಾಗುವುದಿಲ್ಲ. ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ ಸಸ್ಪೆನ್ಷನ್ ರಬ್ಬರ್ ಸಾಮಾನ್ಯವಾಗಿ 50ರಿಂದ 70ರ ಆಸುಪಾಸಿನಲ್ಲಿದ್ದರೆ, ಪಾಲಿ 70ರಿಂದ 95ರ ವರೆಗೆ ಇರುತ್ತದೆ. 70ರ ಪಾಲಿಗೂ 95ರ ಪಾಲಿಗೂ ಆಕಾಶ ಭೂಮಿಯ ಅಂತರವಿದೆ. ಮೊದಲನೆಯದು ರಸ್ತೆಗೆ, ಎರಡನೆಯದು ರೇಸ್ ಟ್ರ್ಯಾಕಿಗೆ. ಪೊಟ್ಟಣದ ಮೇಲೆ ಈ ಸಂಖ್ಯೆ ಇಲ್ಲದ ಪಾಲಿಯನ್ನು ನಾನು ಕೊಳ್ಳುವುದಿಲ್ಲ.

ಸದ್ದು ಬುಷ್‌ನಿಂದಲೇ ಬರುತ್ತಿದೆಯೇ?

ರಸ್ತೆ ಉಬ್ಬಿನ ಮೇಲೆ ಹೋದಾಗ ಕೆಳಗಿನಿಂದ ಟಕ್ ಎಂದರೆ ಎಲ್ಲರೂ ಬುಷ್ ಎನ್ನುತ್ತಾರೆ. ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸ್ಟೆಬಿಲೈಸರ್ ಬಾರ್‌ನ ಲಿಂಕ್ ರಾಡ್, ಆರ್ಮ್‌ನ ಹೊರತುದಿಯ ಗುಂಡು ಕೀಲಾದ ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಹಿಡಿದಿರುವ ಸ್ಟ್ರಟ್ ಮೌಂಟ್ ಕೂಡ ಅದೇ ಸದ್ದು ಮಾಡುತ್ತವೆ. ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸದ್ದು ಬಂದರೆ ಮೊದಲು ಸ್ಟ್ರಟ್ ಮೌಂಟ್ ನೋಡಿ. ಚಿಕ್ಕ ಚಿಕ್ಕ ಗುಂಡಿಗಳಲ್ಲಿ ಒಂದೇ ಸಮನೆ ಗಡಗಡ ಎಂದರೆ ಲಿಂಕ್ ರಾಡ್ ಮೇಲೆ ಅನುಮಾನ. ಬ್ರೇಕ್ ಒತ್ತಿದ ಕ್ಷಣ ಒಮ್ಮೆ ಟಕ್ ಎಂದು, ಮತ್ತೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಇನ್ನೊಮ್ಮೆ ಎಂದರೆ ಲೋಯರ್ ಆರ್ಮ್‌ನ ಬುಷ್ ಇರುವ ಸಂಭವ ಹೆಚ್ಚು. ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆಯುವುದು, ಹೆದ್ದಾರಿಯಲ್ಲಿ ನೇರವಾಗಿ ನಿಲ್ಲದೆ ಅಲೆದಾಡುವುದು, ಟೈರಿನ ಒಳ ಅಂಚು ಬೇಗ ಸವೆಯುವುದು ಇವೂ ಅದರದೇ ಲಕ್ಷಣಗಳು.

ಖಚಿತ ಮಾಡಿಕೊಳ್ಳಲು ಆರ್ಮ್ ಮತ್ತು ಅಡಿಕಟ್ಟಿನ ನಡುವೆ ಚಿಕ್ಕ ಹಾರೆಯನ್ನು ಮೀಟಬೇಕು. ರಬ್ಬರ್ ಬುಷ್ ಸ್ವಲ್ಪ ಬಾಗುವುದು ಸಹಜ. ಲೋಹಕ್ಕೆ ಲೋಹ ತಾಗಿದರೆ, ರಬ್ಬರು ಕೊಳವೆಯಿಂದ ಬಿಟ್ಟುಕೊಂಡು ಸಂದು ಕಂಡರೆ ಮುಗಿಯಿತು. ಮೇಲ್ಮೈಯಲ್ಲಿ ಕೂದಲಿನಂಥ ಬಿರುಕುಗಳು ಮಾತ್ರ ಇದ್ದರೆ ಅದು ವಯಸ್ಸು, ಆತುರ ಬೇಡ.

ಎದುರಿಗಿರುವ ಆಯ್ಕೆಗಳು

ಕಾರಿನ ಕಂಪನಿ ತನ್ನ ಹೆಸರಿನಲ್ಲಿ ಮಾರುವ ರಬ್ಬರ್ ಬುಷ್ ಮೊದಲನೆಯದು. ಅದರ ಗಡಸುತನ, ಅದರೊಳಗಿನ ಟೊಳ್ಳುಗಳ ಆಕಾರ ಎಲ್ಲವನ್ನೂ ಆ ಕಾರಿನ ತೂಕಕ್ಕೂ ಸ್ಪ್ರಿಂಗಿಗೂ ಹೊಂದಿಸಿ ನಿರ್ಧರಿಸಿರುತ್ತಾರೆ. ಮನೆಮಂದಿಯೆಲ್ಲ ಕೂತು ಓಡಾಡುವ ಕಾರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತೊಂದರೆಯೆಂದರೆ ಎಷ್ಟೋ ಕಾರುಗಳಿಗೆ ಕಂಪನಿ ಬುಷ್ ಒಂದನ್ನೇ ಬಿಡಿಯಾಗಿ ಮಾರುವುದಿಲ್ಲ, ಇಡೀ ಆರ್ಮ್ ಕೊಳ್ಳಿ ಎನ್ನುತ್ತದೆ.

ಎರಡನೆಯದು ಹೆಸರಿರುವ ಬಿಡಿಭಾಗ ತಯಾರಕರ ರಬ್ಬರ್. ಇವರಲ್ಲಿ ಕೆಲವರು ಕಾರು ಕಂಪನಿಗಳಿಗೇ ಮಾಲು ಪೂರೈಸುವವರು. ಬೆಲೆ ಕಡಿಮೆ, ಗುಣ ಬಹುಪಾಲು ಸಮ. ನನ್ನ ಮಟ್ಟಿಗೆ ಹಳೆಯ ಕಾರಿಗೆ ಇದೇ ಜಾಣ ಆಯ್ಕೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಒಂದೇ ಕಾರಿನ ಒಂದೇ ಬುಷ್‌ಗೆ ನಾಲ್ಕೈದು ಪೊಟ್ಟಣಗಳು ಎದುರಿಗೆ ಬಂದು ಬೀಳುತ್ತವೆ. ಆಗ ಪೊಟ್ಟಣ ಓದುವುದಕ್ಕಿಂತ ಬುಷ್ ಓದುವುದು ಮುಖ್ಯ. ಹೊರಬಳೆಯ ಅಂಚು ನುಣುಪಾಗಿದೆಯೇ, ರಬ್ಬರು ಲೋಹಕ್ಕೆ ಸುತ್ತಲೂ ಒಂದೇ ಸಮನಾಗಿ ಅಂಟಿದೆಯೇ, ಒಳಕೊಳವೆ ನಡುಮಧ್ಯದಲ್ಲಿದೆಯೇ, ಟೊಳ್ಳುಗಳು ಹಳೆಯ ಬುಷ್‌ನಲ್ಲಿ ಇದ್ದಲ್ಲೇ ಇವೆಯೇ ನೋಡಿ. ಉಗುರಿನಿಂದ ಒತ್ತಿದರೆ ರಬ್ಬರ್ ಒಳಗಿಳಿದು ಮತ್ತೆ ಮೇಲೆ ಬರಬೇಕು. ಕಲ್ಲಿನಂತೆ ಗಟ್ಟಿಯಾಗಿ, ಕೈಗೆ ಕಪ್ಪು ಪುಡಿ ಅಂಟಿದರೆ ಅದು ಹಳೆಯ ಟೈರಿನ ಪುಡಿ ಬೆರೆಸಿದ ಮಾಲು ಇರಬಹುದು ಅಥವಾ ವರ್ಷಗಟ್ಟಲೆ ಅಂಗಡಿಯಲ್ಲಿ ಕೂತಿದ್ದು ಇರಬಹುದು. ಎರಡೂ ಬೇಡ. ಹಳೆಯ ಬುಷ್ ಅಥವಾ ಅದರ ಫೋಟೊ ಇಲ್ಲದೆ ಅಂಗಡಿಗೆ ಹೋಗಬೇಡಿ. ಒಂದೇ ಹೆಸರಿನ ಕಾರಿಗೆ ವರ್ಷದಿಂದ ವರ್ಷಕ್ಕೆ ಬುಷ್ ಬದಲಾಗುವುದುಂಟು.

ನೈಸರ್ಗಿಕ ರಬ್ಬರನ್ನು ಹಳೆಯ ಕಾಲದ ವಸ್ತು ಎಂದು ಹೀಗಳೆಯುವವರಿಗೆ ಒಂದು ಮಾತು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದ ತೊಗಟೆ ಕೆರೆದು ಇಳಿಸುವ ಆ ಹಾಲಿನಿಂದಾಗುವ ರಬ್ಬರಿಗೆ, ಲಕ್ಷಾಂತರ ಸಲ ತಿರುಚಿದರೂ ಹರಿಯದೆ ತಾಳಿಕೊಳ್ಳುವ ಗುಣವಿದೆ. ಆ ಕಾರಣಕ್ಕೇ ಅದು ಇಂದಿನ ಕಾರುಗಳ ಅಡಿಯಲ್ಲೂ ಉಳಿದುಕೊಂಡಿದೆ. ಅದರ ಶತ್ರುಗಳು ಬೇರೆ: ಎಂಜಿನ್ ಎಣ್ಣೆ, ಡೀಸೆಲ್, ಪೆಟ್ರೋಲ್, ಬಿಸಿ, ಗಾಳಿಯ ಓಝೋನ್. ಎಂಜಿನ್‌ನಿಂದ ಎಣ್ಣೆ ಸೋರಿ ಲೋಯರ್ ಆರ್ಮ್ ಮೇಲೆ ತೊಟ್ಟಿಕ್ಕುತ್ತಿದ್ದರೆ ಎಂಥ ರಬ್ಬರ್ ಹಾಕಿದರೂ ಊದಿಕೊಂಡು ಮೆತ್ತಗಾಗುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಬುಷ್.

ಮೂರನೆಯದು ಪಾಲಿ. ಬ್ರಿಟನ್ನಿನ ಪವರ್‌ಫ್ಲೆಕ್ಸ್, ಆಸ್ಟ್ರೇಲಿಯಾದ ಸೂಪರ್‌ಪ್ರೊ, ಅಮೆರಿಕದ ಎನರ್ಜಿ ಸಸ್ಪೆನ್ಷನ್ ಈ ಕ್ಷೇತ್ರದ ಹಳೆಯ ಹೆಸರುಗಳು. ಎಣ್ಣೆ ತಾಗಿದರೆ ರಬ್ಬರಿನಷ್ಟು ಬೇಗ ಕೆಡುವುದಿಲ್ಲ, ತಿರುವಿನಲ್ಲಿ ಕಾರು ಚುರುಕಾಗುತ್ತದೆ, ಸ್ಟೀರಿಂಗ್ ತಿರುಗಿಸಿದಷ್ಟೇ ಕಾರೂ ತಿರುಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಕಂಪನ, ರಸ್ತೆಯ ಸದ್ದು, ಗ್ರೀಸ್ ಒಣಗಿದಾಗ ಬರುವ ಕಿರ್ರ್ ಶಬ್ದ. ಮಾರುವವರು ಹೇಳದ ಇನ್ನೊಂದು ವಿಷಯ ಕರಾವಳಿ ಮತ್ತು ಮಲೆನಾಡಿನವರಿಗೆ ಮುಖ್ಯ. ಪಾಲಿಯುರೆಥೇನ್‌ನಲ್ಲಿ ಪಾಲಿಯೆಸ್ಟರ್ ಮೂಲದ್ದು, ಪಾಲಿಈಥರ್ ಮೂಲದ್ದು ಎಂದು ಎರಡು ಬಗೆಗಳಿವೆ. ಪಾಲಿಯೆಸ್ಟರ್ ಮೂಲದ್ದನ್ನು ಬಿಸಿ ಮತ್ತು ತೇವ ಸೇರಿ ನಿಧಾನವಾಗಿ ಒಡೆಯುತ್ತವೆ. ವರ್ಷಗಳ ನಂತರ ಅದು ಹಳೆಯ ಚಪ್ಪಲಿಯ ಅಟ್ಟೆಯಂತೆ ಪುಡಿಪುಡಿಯಾಗುತ್ತದೆ. ಪಾಲಿಈಥರ್ ನೀರಿಗೆ ಚೆನ್ನಾಗಿ ತಡೆಯುತ್ತದೆ. ಮಳೆಗಾಲದಲ್ಲಿ ನಾಲ್ಕು ತಿಂಗಳು ಕೆಸರಿನಲ್ಲೇ ಓಡುವ ಕಾರಾದರೆ ಯಾವ ಬಗೆ ಎಂದು ಕೇಳಿಯೇ ಕೊಳ್ಳಿ. ಉತ್ತರ ಕೊಡಲಾಗದ ಮಾರಾಟಗಾರನಿಂದ ಕೊಳ್ಳದಿದ್ದರೆ ನಷ್ಟವೇನಿಲ್ಲ.

ಲೇತ್ ಅಂಗಡಿಯಲ್ಲಿ ನೈಲಾನ್ ದಿಂಡನ್ನು ಕಡೆದು ಬುಷ್ ಮಾಡಿಸುವ ಪದ್ಧತಿ ನಮ್ಮಲ್ಲಿದೆ. ಬಿಡಿಭಾಗ ಸಿಗದ ಹಳೆಯ ಜೀಪುಗಳಿಗೆ, ಸರಕು ಗಾಡಿಗಳಿಗೆ ಅದು ಆಪತ್ತಿಗೊದಗುವ ನೆಂಟ. ಕಡೆಯುವವರ ಕೈಚಳಕ ಕಂಡು ನನಗೆ ಗೌರವವೂ ಇದೆ. ಆದರೆ ನೈಲಾನ್ ಬಾಗುವುದೇ ಇಲ್ಲ. ಬುಷ್ ನುಂಗಬೇಕಾದ ಹೊಡೆತವೆಲ್ಲ ನೇರವಾಗಿ ಬೋಲ್ಟ್ ಹಿಡಿದಿರುವ ತಗಡಿನ ಬ್ರಾಕೆಟ್‌ಗೆ ಹೋಗುತ್ತದೆ, ಬೆಸುಗೆ ಬಿರಿಯುತ್ತದೆ. ಮಾನೋಕಾಕ್ ಕಾರಿನ, ಅಂದರೆ ಬೇರೆ ಚಾಸಿಯಿಲ್ಲದೆ ತಗಡಿನ ಮೈಯೇ ಅಡಿಕಟ್ಟಾಗಿರುವ ಕಾರಿನ, ಲೋಯರ್ ಆರ್ಮ್‌ಗೆ ಇದನ್ನು ಹಾಕಿಸಬೇಡಿ. ರೇಸಿನವರು ಬಳಸುವ ರೋಸ್ ಜಾಯಿಂಟ್ ಎಂಬ ಲೋಹದ ಗುಂಡು ಕೀಲು ಎಲ್ಲ ದಿಕ್ಕಿಗೂ ಸರಾಗವಾಗಿ ತಿರುಗುತ್ತದೆ, ಆದರೆ ಧೂಳು ಹೊಕ್ಕರೆ ಸಡಿಲಾಗಿ ಕಟಕಟ ಎನ್ನುತ್ತದೆ. ದಿನನಿತ್ಯದ ಓಡಾಟಕ್ಕೆ ಅದರ ವಿಚಾರ ಬೇಡ.

ಕೊನೆಯದು ಇಡೀ ಆರ್ಮ್ ಬದಲಿಸುವುದು. ಬುಷ್‌ಗೆ ನೂರರ ಲೆಕ್ಕವಾದರೆ ಇದಕ್ಕೆ ಸಾವಿರದ ಲೆಕ್ಕ. ಹಾಗಿದ್ದೂ ನಾನು ಇದರ ಪರವಾಗಿ ಮಾತನಾಡುವ ಸಂದರ್ಭಗಳಿವೆ. ಬಾಲ್ ಜಾಯಿಂಟ್ ಆರ್ಮ್‌ಗೇ ಸೇರಿಕೊಂಡಿದ್ದು, ಅದೂ ಸವೆದಿದ್ದರೆ. ಆರ್ಮ್‌ನ ಕಣ್ಣು ಹಿಂದಿನ ಸುತ್ತಿಗೆ ಹೊಡೆತಗಳಿಂದ ಅಂಡಾಕಾರವಾಗಿದ್ದರೆ. ಗುಂಡಿಗೆ ಬಿದ್ದು ಆರ್ಮ್ ಸ್ವಲ್ಪವಾದರೂ ಬಾಗಿದ್ದರೆ. ಅಥವಾ ನಿಮ್ಮ ಊರಿನಲ್ಲಿ ಹೈಡ್ರಾಲಿಕ್ ಪ್ರೆಸ್ ಇರುವ ಗ್ಯಾರೇಜೇ ಇಲ್ಲದಿದ್ದರೆ. ಕೊನೆಯ ಕಾರಣವನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ. ಸುತ್ತಿಗೆಯಿಂದ ಕೂರಿಸಿದ ಒಳ್ಳೆಯ ಬುಷ್‌ಗಿಂತ ಕಾರ್ಖಾನೆಯಲ್ಲಿ ಕೂರಿಸಿದ ಸಾಧಾರಣ ಬುಷ್ ಹೆಚ್ಚು ದಿನ ಬಾಳುತ್ತದೆ.

ಯಾವ ಜಾಗಕ್ಕೆ ಯಾವುದು

ಸ್ಟೆಬಿಲೈಸರ್ ಬಾರ್‌ಅನ್ನು ಹಿಡಿದಿಟ್ಟುಕೊಳ್ಳುವ, ಇಂಗ್ಲಿಷಿನ ಡಿ ಅಕ್ಷರದ ಆಕಾರದ ಬುಷ್‌ಗಳಿಗೆ ಪಾಲಿ ಧಾರಾಳವಾಗಿ ಹಾಕಿಸಬಹುದು. ಅಲ್ಲಿ ಬಾರ್ ತಿರುಗುವುದೊಂದೇ ಚಲನೆ. ಪ್ರೆಸ್ ಬೇಡ, ಎರಡು ಬೋಲ್ಟ್ ಬಿಚ್ಚಿದರೆ ಕೆಲಸ ಮುಗಿಯುತ್ತದೆ, ಇಷ್ಟವಾಗದಿದ್ದರೆ ವಾಪಸು ರಬ್ಬರ್ ಹಾಕಬಹುದು. ತಿರುವಿನಲ್ಲಿ ಕಾರು ವಾಲುವುದು ತುಸು ಕಡಿಮೆಯಾಗುತ್ತದೆ, ಸೀಟಿನ ಸುಖ ಹೆಚ್ಚೇನೂ ಕೆಡುವುದಿಲ್ಲ. ಬಾರ್‌ನ ದಪ್ಪವನ್ನು ಬುಷ್ ಕೂರುವ ಜಾಗದಲ್ಲೇ ವರ್ನಿಯರ್‌ನಿಂದ ಅಳೆಯಿರಿ, ಬಣ್ಣ ತುಕ್ಕು ಕೆರೆದು. 22 ಮಿಲಿಮೀಟರ್ ಬಾರ್‌ಗೆ 23ರ ಬುಷ್ ಹಾಕಿದರೆ ಮೊದಲಿಗಿಂತ ಹೆಚ್ಚು ಸದ್ದಾಗುತ್ತದೆ.

ಮುಂದಿನ ಲೋಯರ್ ಆರ್ಮ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಇಂದಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಇದು ಇಂಗ್ಲಿಷಿನ ಎಲ್ ಅಕ್ಷರದಂತಿದ್ದು ಒಳಬದಿಯಲ್ಲಿ ಎರಡು ಬುಷ್‌ಗಳ ಮೇಲೆ ನಿಂತಿರುತ್ತದೆ. ಚಕ್ರದ ಮಧ್ಯಕ್ಕೆ ಎದುರಾಗಿರುವ ಮುಂದಿನ ಬುಷ್ ಚಿಕ್ಕದು, ಗಟ್ಟಿ; ತಿರುವಿನ ಬಲವನ್ನು ಹೊರುವುದು ಅದು. ಹಿಂದಿನದು ದೊಡ್ಡದು, ಮೆತ್ತಗೆ. ಗುಂಡಿಗೆ ಬಡಿದಾಗ ಚಕ್ರ ಹಿಂದೆ ಸರಿಯಲು ಅವಕಾಶ ಕೊಡುವುದು ಅದು. ಒಂದೇ ಆರ್ಮ್‌ನ ಎರಡು ಬುಷ್‌ಗಳಿಗೆ ಎರಡು ಬೇರೆ ಉದ್ಯೋಗ. ಚುರುಕುತನ ಬೇಕೆನ್ನುವವರು ಮುಂದಿನದಕ್ಕೆ ಮಾತ್ರ ಮೆದು ಪಾಲಿ ಹಾಕಿ ಹಿಂದಿನದನ್ನು ರಬ್ಬರಿನಲ್ಲೇ ಬಿಡುವುದು ಒಳ್ಳೆಯದು. ಹಿಂದಿನದಕ್ಕೂ ಗಡಸು ಪಾಲಿ ಹಾಕಿದ ಕಾರಿನಲ್ಲಿ ಶಿರಾಡಿ ಘಾಟಿಯ ಕೆಟ್ಟ ತುಂಡುಗಳನ್ನು ದಾಟಿದವರಿಗೆ ಪ್ರತಿ ಗುಂಡಿಯೂ ಅಂಗೈಗೆ ತಿಳಿಯುತ್ತದೆ.

ಹಿಂದಿನ ಬುಷ್‌ನ ಬೋಲ್ಟ್ ಯಾವ ದಿಕ್ಕಿನಲ್ಲಿದೆ ಎಂದೂ ಬಗ್ಗಿ ನೋಡಿ. ಬೋಲ್ಟ್ ನೆಲಕ್ಕೆ ಸಮನಾಗಿ ಮಲಗಿ, ಕಾರಿನ ಉದ್ದಕ್ಕೆ ಇದ್ದರೆ ಆರ್ಮ್ ಮೇಲೆ ಕೆಳಗೆ ಆಡುವಾಗ ಬುಷ್ ತಿರುಗುತ್ತದೆ. ಪಾಲಿ ಅಲ್ಲಿ ಕೆಲಸ ಮಾಡಬಲ್ಲದು. ಬೋಲ್ಟ್ ನೆಟ್ಟಗೆ ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ ಆರ್ಮ್ ಆಡುವಾಗ ಬುಷ್ ತಿರುಗುವುದಿಲ್ಲ, ಓರೆಯಾಗಿ ವಾಲುತ್ತದೆ. ರಬ್ಬರ್ ವಾಲಬಲ್ಲದು, ಗಡಸು ಪಾಲಿ ವಾಲಲಾರದು. ಆಗ ಪಾಲಿಯ ಅಂಚು ಬಿರಿಯುತ್ತದೆ, ಇಲ್ಲವೇ ಬ್ರಾಕೆಟ್ ಸೋಲುತ್ತದೆ. ಪಾಲಿ ಹಾಕಿಸಿ ಆರು ತಿಂಗಳಿಗೇ ಒಡೆಯಿತು ಎಂದು ಬೈಯುವವರಲ್ಲಿ ಅನೇಕರು ವಾಲಬೇಕಾದ ಜಾಗಕ್ಕೆ ತಿರುಗುವ ಬುಷ್ ಹಾಕಿಸಿದವರು.

ಇದೇ ಕಾರಣಕ್ಕೆ ಎರಡೂ ಹಿಂಚಕ್ರಗಳನ್ನು ಜೋಡಿಸುವ ತೊಲೆಯಾದ ಟಾರ್ಷನ್ ಬೀಮ್‌ನ ಎರಡು ದೊಡ್ಡ ಬುಷ್‌ಗಳನ್ನು ರಬ್ಬರಿನಲ್ಲೇ ಇರಿಸಿ. ಮಾರುತಿ ಸ್ವಿಫ್ಟ್‌ನಿಂದ ಹಿಡಿದು ನಮ್ಮಲ್ಲಿನ ಬಹುತೇಕ ಹ್ಯಾಚ್‌ಬ್ಯಾಕ್‌ಗಳ ಹಿಂಬದಿ ಇಂಥದ್ದೇ. ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಇಡೀ ತೊಲೆಯೇ ತಿರುಚಿಕೊಳ್ಳುತ್ತದೆ, ಬುಷ್‌ಗಳು ಮೂರೂ ದಿಕ್ಕಿಗೆ ಬಾಗಬೇಕು. ಇನ್ನೋವಾ ಕ್ರಿಸ್ಟಾದ ಹಿಂಬದಿಯ ಗಟ್ಟಿ ಆಕ್ಸಲ್‌ನಂತೆ ನಾಲ್ಕು ಲಿಂಕ್‌ಗಳ ಮೇಲೆ ನಿಂತ ವ್ಯವಸ್ಥೆಯಲ್ಲೂ ಹಾಗೆಯೇ. ಎಲ್ಲ ಲಿಂಕ್‌ಗಳಿಗೂ ಗಡಸು ಪಾಲಿ ತುಂಬಿದರೆ ಆಕ್ಸಲ್ ಸರಾಗವಾಗಿ ವಾಲದೆ ಬಿಗಿದುಕೊಳ್ಳುತ್ತದೆ. ಅಡ್ಡಲಾಗಿರುವ ಲ್ಯಾಟರಲ್ ರಾಡ್‌ಗೆ ಮಾತ್ರ ಮೆದು ಪಾಲಿ ಹಾಕಿಸಿದರೆ ಆಕ್ಸಲ್ ಎಡಬಲಕ್ಕೆ ಜಾರುವುದು ಕಡಿಮೆಯಾಗುತ್ತದೆ.

ಬಿಎಂಡಬ್ಲ್ಯುವಿನ ಹಳೆಯ 5 ಸೀರೀಸ್ ಆದ ಇ39ರಂಥ ಕಾರುಗಳ ಮುಂಭಾಗದಲ್ಲಿ ಒಳಗೆ ದ್ರವ ತುಂಬಿದ ಬುಷ್ ಇರುತ್ತದೆ. ದ್ರವ ಸೋರಿದರೆ ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗುತ್ತದೆ, ಡಿಸ್ಕ್ ಸೊಟ್ಟಗಾಗಿದೆ ಎಂದು ಭ್ರಮಿಸಿ ಡಿಸ್ಕ್ ಬದಲಿಸಿದವರಿದ್ದಾರೆ. ಅದಕ್ಕೆ ಅದೇ ಬಗೆಯ ಹೊಸ ಬುಷ್ ಹಾಕಿಸಿ.

ಕೂರಿಸುವ ಕೆಲಸ

ಹಳೆಯ ಬುಷ್ ತೆಗೆಯುವಲ್ಲಿಂದಲೇ ಹೊಸದರ ಭವಿಷ್ಯ ಶುರುವಾಗುತ್ತದೆ. ಗ್ಯಾಸ್ ಕಟರ್ ಬೆಂಕಿಯಿಂದ ಸುಟ್ಟು ತೆಗೆಯುವುದನ್ನು ಒಪ್ಪಬೇಡಿ. ರಬ್ಬರ್ ಹೊಗೆಯೇ ಕೆಟ್ಟದ್ದು, ಪಾಲಿಯದು ಇನ್ನೂ ವಿಷ. ಸುಡುವಾಗ ಅದರಿಂದ ಹೈಡ್ರೋಜನ್ ಸೈನೈಡ್ ಕೂಡ ಹೊರಬರುತ್ತದೆ. ಗ್ಯಾರೇಜಿನ ಹುಡುಗರ ಶ್ವಾಸಕೋಶ ನಮ್ಮ ಬುಷ್‌ಗಿಂತ ದೊಡ್ಡದು. ಆರ್ಮ್ ಅಲ್ಯೂಮಿನಿಯಂನದಾದರೆ ಆ ಬಿಸಿಗೆ ಅದರ ಬಲವೂ ಕುಗ್ಗುತ್ತದೆ. ಪ್ರೆಸ್ ಮೇಲಿಟ್ಟು ಒತ್ತಿ ತೆಗೆಯುವುದು, ಇಲ್ಲವೇ ಉದ್ದ ಬೋಲ್ಟ್ ಮತ್ತು ಎರಡು ಬಟ್ಟಲುಗಳಿಂದ ಎಳೆಯುವ ಪುಲ್ಲರ್ ಬಳಸುವುದು ಸರಿಯಾದ ದಾರಿ. ಹೊರಬಳೆ ಜಪ್ಪಯ್ಯ ಎಂದರೂ ಬರದಿದ್ದರೆ ಗರಗಸದ ಅಲಗಿನಿಂದ ಬಳೆಯನ್ನು ಮಾತ್ರ ಸೀಳಬೇಕು. ಗರಗಸ ಆರ್ಮ್‌ನ ಕಣ್ಣಿಗೆ ತಾಗಿ ಗೀರು ಬಿದ್ದರೆ ಮುಂದೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ.

ಪಾಲಿ ಹಾಕಿಸುವವರು ಇಲ್ಲಿ ನಿಂತು ಕಿಟ್‌ನೊಳಗಿನ ಸೂಚನೆ ಓದಬೇಕು. ಕೆಲವು ಪಾಲಿ ಬುಷ್‌ಗಳು ಹಳೆಯ ಹೊರಬಳೆಯನ್ನು ಆರ್ಮ್‌ನಲ್ಲೇ ಉಳಿಸಿಕೊಂಡು ಅದರೊಳಗೆ ಕೂರುವಂಥವು. ಕೆಲವಕ್ಕೆ ಬಳೆಯನ್ನೂ ತೆಗೆಯಬೇಕು. ಉಳಿಸಬೇಕಾದ ಬಳೆಯನ್ನು ಒತ್ತಿ ಎಸೆದುಬಿಟ್ಟರೆ ಹೊಸ ಬುಷ್ ಕಣ್ಣಿನೊಳಗೆ ಲೊಡಲೊಡ ಆಡುತ್ತದೆ. ಆಗ ಹಳೆಯ ಬಳೆ ಹುಡುಕಿಕೊಂಡು ಕಸದ ಡಬ್ಬಿಗೆ ಕೈ ಹಾಕಬೇಕಾಗುತ್ತದೆ.

ಕಣ್ಣಿನ ಒಳಗಿನ ತುಕ್ಕನ್ನು ಸಣ್ಣ ಎಮೆರಿ ಕಾಗದದಿಂದ ತೆಗೆದು ಒರೆಸಿ. ರಬ್ಬರ್ ಬುಷ್‌ನ ಹೊರಬಳೆ ನೇರವಾಗಿ ಪ್ರವೇಶಿಸುವಂತೆ, ಬಳೆಯ ಅಂಚಿನ ಮೇಲೆ ಮಾತ್ರ ಒತ್ತಡ ಬೀಳುವಂತೆ ಸರಿ ಅಳತೆಯ ಬಟ್ಟಲು ಇಟ್ಟು ಒತ್ತಬೇಕು. ಒಳಕೊಳವೆಯ ಮೇಲೆ ಒತ್ತಿದರೆ ರಬ್ಬರಿನ ಬೆಸುಗೆ ಕೂರಿಸುವಾಗಲೇ ಬಿಟ್ಟುಹೋಗುತ್ತದೆ. ಅದು ಹೊರಗೆ ಕಾಣುವುದೂ ಇಲ್ಲ. ಜಾರಲೆಂದು ಎಂಜಿನ್ ಎಣ್ಣೆಯನ್ನೋ ಮಾಮೂಲಿ ಗ್ರೀಸನ್ನೋ ಹಚ್ಚುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ರಬ್ಬರಿಗೆ ಸೋಪಿನ ನೀರು ಸಾಕು. ಪಾಲಿಗೆ ಕಿಟ್‌ನಲ್ಲಿ ಬಂದ ಗ್ರೀಸನ್ನೇ, ಒಳಕೊಳವೆಗೂ ಎರಡೂ ಬದಿಯ ಮುಖಗಳಿಗೂ ತುಂಬ ಹಚ್ಚಿ. ಅದು ಸಾಮಾನ್ಯವಾಗಿ ಸಿಲಿಕೋನ್ ಮೂಲದ ಅಂಟಂಟಾದ ಗ್ರೀಸ್, ನೀರಿಗೆ ಬೇಗ ತೊಳೆದುಹೋಗದು.

ದಿಕ್ಕಿನ ಮಾತು ಇನ್ನೂ ಮುಖ್ಯ. ಟೊಳ್ಳಿರುವ ಬುಷ್ ಆ ಟೊಳ್ಳಿನ ದಿಕ್ಕಿಗೆ ಮೆತ್ತಗೆ, ಅದಕ್ಕೆ ಅಡ್ಡಲಾಗಿ ಗಟ್ಟಿ. ತೊಂಬತ್ತು ಡಿಗ್ರಿ ತಪ್ಪಿ ಕೂತರೆ ಕಾರು ಬ್ರೇಕಿಗೆ ಒಂದು ರೀತಿ, ತಿರುವಿಗೆ ಇನ್ನೊಂದು ರೀತಿ ಅಡ್ಡಾದಿಡ್ಡಿ ಹೋಗುತ್ತದೆ. ಹಳೆಯದನ್ನು ತೆಗೆಯುವ ಮೊದಲೇ ಟೊಳ್ಳಿನ ನೇರಕ್ಕೆ ಆರ್ಮ್ ಮೇಲೆ ಬಿಳಿ ಬಣ್ಣದಿಂದ ಗುರುತು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಬುಷ್ ಮೇಲೆ ಬಾಣದ ಗುರುತಿದ್ದರೆ ಅದನ್ನು ಅನುಸರಿಸಿ.

ಪಾಲಿಯಲ್ಲಿ ಇನ್ನೊಂದು ಅಳತೆ ಉಂಟು. ಎರಡು ಹೋಳುಗಳನ್ನು ಕೂರಿಸಿದ ಮೇಲೆ ಒಳಗಿನ ಉಕ್ಕಿನ ಕೊಳವೆ ಪಾಲಿಯ ಮುಖಕ್ಕಿಂತ ಕೂದಲಷ್ಟಾದರೂ ಹೊರಗೆ ಚಾಚಿರಬೇಕು. ಆಗ ಬೋಲ್ಟ್ ಬಿಗಿದಾಗ ಬ್ರಾಕೆಟ್ ಹಿಡಿಯುವುದು ಕೊಳವೆಯನ್ನು; ಪಾಲಿ ಸ್ವತಂತ್ರವಾಗಿ ತಿರುಗುತ್ತದೆ. ಕೊಳವೆ ಒಳಗೇ ಉಳಿದಿದ್ದರೆ ಬ್ರಾಕೆಟ್ ಪಾಲಿಯನ್ನೇ ಹಿಸುಕಿ ಹಿಡಿಯುತ್ತದೆ, ಕಿರುಗುಟ್ಟುವಿಕೆ ಅಲ್ಲಿಂದಲೇ ಶುರು.

ಈಗ ನನ್ನ ಎರಡು ಬುಷ್‌ಗಳ ಪ್ರಾಣ ತೆಗೆದ ವಿಷಯ. ಚಕ್ರ ನೇತಾಡುತ್ತಿರುವಾಗ ಆರ್ಮ್ ಕೆಳಮುಖವಾಗಿ ಇಳಿದಿರುತ್ತದೆ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ಒಳಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ. ರಬ್ಬರಿನ ಪಾಲಿಗೆ ಅದೇ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕಾರನ್ನು ನೆಲಕ್ಕಿಳಿಸಿದ ಕೂಡಲೇ ಆರ್ಮ್ ಮೇಲೇಳುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ಉದಾಹರಣೆಗೆ ಆ ಕೋನ 15 ಡಿಗ್ರಿ ಎನ್ನಿ. ಮನೆಯ ಮುಂದೆ ನಿಂತಿರುವಾಗಲೂ, ರಾತ್ರಿಯಿಡೀ, ಆ ರಬ್ಬರ್ 15 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಉಬ್ಬಿನ ಮೇಲೆ ಇನ್ನೂ 15 ಡಿಗ್ರಿ ಏರಿದರೆ ಮೂವತ್ತಾಯಿತು. ಸರಿಯಾಗಿ ಬಿಗಿದಿದ್ದರೆ ಎರಡೂ ಕಡೆಗೆ ಹದಿನೈದು ಹದಿನೈದು ಹಂಚಿಹೋಗುತ್ತಿದ್ದ ಶ್ರಮ ಒಂದೇ ಕಡೆಗೆ ಬೀಳುತ್ತದೆ. ಹರಿಯದೆ ಇನ್ನೇನು ಮಾಡೀತು?

ಆದ್ದರಿಂದ ಕಾರನ್ನು ಎತ್ತುವ ಮೊದಲೇ, ಸಮತಟ್ಟಾದ ನೆಲದಲ್ಲಿ ನಿಂತಿರುವಾಗ, ಚಕ್ರದ ಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದುಕೊಳ್ಳಿ. ಬುಷ್ ಕೂರಿಸಿ ಬೋಲ್ಟ್‌ಗಳನ್ನು ಕೈಬಿಗಿಯಷ್ಟು ಮಾತ್ರ ತಿರುಗಿಸಿ. ಕೆಳಗಿಳಿದು ಕೆಲಸ ಮಾಡುವ ಹೊಂಡ, ಅಂದರೆ ಪಿಟ್, ಇರುವ ಗ್ಯಾರೇಜಾದರೆ ಚಕ್ರ ಹಾಕಿ ಕಾರನ್ನು ಪಿಟ್ ಮೇಲೆ ನಿಲ್ಲಿಸಿ, ಒಂದೆರಡು ಸಲ ಬಾನೆಟ್ ಒತ್ತಿ ಕುಲುಕಿ, ಕೆಳಗಿನಿಂದ ಬಿಗಿಗೊಳಿಸುವುದು ಎಲ್ಲಕ್ಕಿಂತ ಸುಲಭ. ನಮ್ಮ ಹಳೆಯ ಗ್ಯಾರೇಜುಗಳ ಪಿಟ್ ಈ ಕೆಲಸಕ್ಕೆ ಹೊಸ ಲಿಫ್ಟ್‌ಗಿಂತ ಮೇಲು. ಪಿಟ್ ಇಲ್ಲದಿದ್ದರೆ ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಆರ್ಮ್‌ನ ಹೊರತುದಿಗೆ ಇನ್ನೊಂದು ಜಾಕ್ ಕೊಟ್ಟು, ಬರೆದಿಟ್ಟ ಅಳತೆ ಬರುವವರೆಗೆ ಎತ್ತಿ ಬಿಗಿಯಿರಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ಹಾಕಬಾರದು. ಕೊನೆಯ ಬಿಗಿತ ಟಾರ್ಕ್ ರೆಂಚಿನಿಂದ, ಆ ಕಾರಿನ ಕೈಪಿಡಿ ಹೇಳಿದಷ್ಟು. ಒಳಗೆ ನೈಲಾನ್ ಉಂಗುರವಿರುವ ನಟ್‌ಗಳನ್ನು ಹೊಸದು ಹಾಕಿಸಿ. ಕೈಪಿಡಿ ಬೋಲ್ಟ್ ಬದಲಿಸಿ ಎಂದಿದ್ದರೆ ಬೋಲ್ಟ್ ಕೂಡ.

ಪಾಲಿ ತಿರುಗುವ ಬುಷ್ ಆದ್ದರಿಂದ ಈ ನಿಯಮ ಅದಕ್ಕೆ ಅಷ್ಟು ಕಟ್ಟುನಿಟ್ಟಲ್ಲ. ಆದರೆ ಅದೇ ಆರ್ಮ್‌ನ ಇನ್ನೊಂದು ಬುಷ್ ರಬ್ಬರಿನದಾಗಿದ್ದರೆ ನಿಯಮ ಅದಕ್ಕೆ ಪೂರ್ತಿ ಅನ್ವಯಿಸುತ್ತದೆ.

ಎಡಬಲ ಎರಡೂ ಕಡೆ ಒಟ್ಟಿಗೆ ಬದಲಿಸಿ. ಒಂದು ಬದಿ ಹೊಸ ಗಟ್ಟಿ ಬುಷ್, ಇನ್ನೊಂದು ಬದಿ ಹತ್ತು ವರ್ಷದ ಮುದಿ ಬುಷ್ ಇದ್ದರೆ ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಆ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ದೂರ ಹೋಗಬೇಡಿ.

ಆಮೇಲೆ

500 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಕೆಳಗೆ ಇಣುಕಿ ಬೋಲ್ಟ್‌ಗಳ ಬಿಗಿತ ನೋಡಿಸುತ್ತೇನೆ. ಬಿಗಿದ ದಿನವೇ ಬೋಲ್ಟ್ ತಲೆಯಿಂದ ಬ್ರಾಕೆಟ್‌ವರೆಗೆ ಬಣ್ಣದ ಒಂದು ಗೆರೆ ಎಳೆದಿದ್ದರೆ, ಗೆರೆ ಮುರಿದಿದೆಯೇ ಎಂದು ನೋಡಿದರೆ ಸಾಕು. ಪಾಲಿ ಇದ್ದರೆ ಹೋಳುಗಳು ಕಣ್ಣಿನಿಂದ ಹೊರಗೆ ತೆವಳಿ ಬಂದಿವೆಯೇ ಗಮನಿಸಬೇಕು. ಪಾಲಿಯ ಕಿರುಗುಟ್ಟುವಿಕೆಗೆ ಹೊರಗಿನಿಂದ ಎಣ್ಣೆ ಸಿಂಪಡಿಸಿದರೆ ವಾರ ತಡೆಯುತ್ತದೆ, ಜೊತೆಗೆ ಧೂಳನ್ನು ಕರೆದು ಒಳಗೆ ಕೂರಿಸಿಕೊಳ್ಳುತ್ತದೆ. ಬಿಚ್ಚಿ ಒರೆಸಿ ಗ್ರೀಸ್ ಹಚ್ಚುವುದೊಂದೇ ಮದ್ದು. ಕಲಬುರಗಿ, ರಾಯಚೂರಿನ ಕಡೆಯ ಬೇಸಿಗೆ ಧೂಳಿನಲ್ಲಿ ಓಡುವ ಕಾರುಗಳಿಗೆ ಇದು ಬೇಗ ಬೇಗ ಬೇಕಾಗುತ್ತದೆ. ವಾರಂಟಿ ಮುಗಿಯದ ಕಾರಿಗೆ ಪಾಲಿ ಹಾಕಿಸುವ ಮೊದಲು ಮಾರಾಟ ಮಳಿಗೆಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕೊನೆಗೂ ನನ್ನ ಕಾರಿನಲ್ಲಿ ಈಗ ಇರುವುದು ಇಷ್ಟು: ಮುಂದಿನ ಲೋಯರ್ ಆರ್ಮ್‌ನ ನಾಲ್ಕೂ ಜಾಗಗಳಲ್ಲಿ ಹೆಸರಿರುವ ತಯಾರಕರ ರಬ್ಬರ್, ಸ್ಟೆಬಿಲೈಸರ್‌ಗೆ 80 ಶೋರ್‌ನ ಪಾಲಿ, ಹಿಂದಿನ ಟಾರ್ಷನ್ ಬೀಮ್‌ನಲ್ಲಿ ಕಂಪನಿಯ ಮೂಲ ರಬ್ಬರ್. ಮೂರನೆಯ ಸಲದ ಬೋಲ್ಟ್‌ಗಳನ್ನು ಆಮೇಲೆ ಸಡಿಲಿಸಿ, ಬೇರೊಂದು ಗ್ಯಾರೇಜಿನ ಪಿಟ್ ಮೇಲೆ, ಚಕ್ರ ನೆಲಕ್ಕೆ ಊರಿರುವಾಗಲೇ ಮತ್ತೆ ಬಿಗಿಗೊಳಿಸಿದ್ದು. ಅದಾಗಿ ಎರಡು ಮಳೆಗಾಲ ಕಳೆದಿವೆ. ಕಳೆದ ತಿಂಗಳು ಟೈರ್ ಬದಲಿಸುವಾಗ ಬಗ್ಗಿ, ಟಾರ್ಚ್ ಹಿಡಿದು ನೋಡಿದೆ. ಬಣ್ಣದ ಗೆರೆಗಳು ನೇರವಾಗಿಯೇ ಇದ್ದವು, ರಬ್ಬರಿನಲ್ಲಿ ಒಂದೂ ಸೀಳಿರಲಿಲ್ಲ.